ಬೆಳ್ಳಿತೆರೆಯ ಅಂಚಿನಲ್ಲಿ ಜಿಮ್ ಥಾರ್ಪ್

1949ರಲ್ಲಿ ತೆರೆಕಂಡ ‘ವೈಟ್ ಹೀಟ್’ ಎಂಬ ಅಮೆರಿಕನ್ ಚಲನಚಿತ್ರದಲ್ಲಿ ಸೆರೆಮನೆಯ ಊಟದ ಮನೆಯ ದೃಶ್ಯವೊಂದಿದೆ. ಉದ್ದುದ್ದ ಮೇಜುಗಳ ಮುಂದೆ ಕೈದಿಗಳು ಸಾಲಾಗಿ ಕುಳಿತಿದ್ದಾರೆ. ಜೇಮ್ಸ್ ಕ್ಯಾಗ್ನಿ ಅಭಿನಯಿಸಿದ ದರೋಡೆಕೋರ, ದೂರದಲ್ಲಿ ಕುಳಿತ ಹೊಸ ಕೈದಿಯಿಂದ ತನ್ನ ತಾಯಿಯ ಯೋಗಕ್ಷೇಮ ತಿಳಿಯಬೇಕೆಂದು ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟುತ್ತಾನೆ. ಪ್ರಶ್ನೆ ಒಬ್ಬನಿಂದ ಒಬ್ಬನಿಗೆ ದಾಟುತ್ತ ಆ ಕೊನೆಯನ್ನು ಮುಟ್ಟುತ್ತದೆ. ತಾಯಿ ತೀರಿಕೊಂಡಳೆಂಬ ಉತ್ತರ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಅನಂತರ ಕ್ಯಾಗ್ನಿ ಎಬ್ಬಿಸುವ ರಂಪವನ್ನು ಚಿತ್ರರಸಿಕರು ಇಂದಿಗೂ ಕೊಂಡಾಡುತ್ತಾರೆ. ನಾನಿಲ್ಲಿ ಹೇಳಹೊರಟಿರುವುದು ಕ್ಯಾಗ್ನಿಯ ವಿಷಯವನ್ನಲ್ಲ. ಪಿಸುಮಾತನ್ನು ದಾಟಿಸಿದ ಕೈದಿಗಳ ಆ ಸಾಲಿನಲ್ಲಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮರೆಯಾಗುವ, ಅರುವತ್ತು ದಾಟಿದ ಒಬ್ಬ ದೃಢಕಾಯನಿದ್ದಾನೆ. ಪಾತ್ರವರ್ಗದ ಪಟ್ಟಿಯಲ್ಲಿ ಅವನ ಹೆಸರಿಲ್ಲ.

ಅವನೇ ಜಿಮ್ ಥಾರ್ಪ್. 1912ರ ಸ್ಟಾಕ್‌ಹೋಮ್ ಒಲಿಂಪಿಕ್ ಕ್ರೀಡೆಗಳಲ್ಲಿ ಪೆಂಟಾತ್ಲಾನ್ ಮತ್ತು ಡೆಕಾತ್ಲಾನ್ ಎರಡನ್ನೂ ಗೆದ್ದವನು. ಬೇಸ್‌ಬಾಲ್ ಹಾಗೂ ಅಮೆರಿಕನ್ ಫುಟ್‌ಬಾಲ್ ಆಟಗಳಲ್ಲಿ 1928ರವರೆಗೆ ಸಂಬಳದ ಆಟಗಾರನಾಗಿದ್ದವನು. ‘ವೈಟ್ ಹೀಟ್’ ಬಂದ ಮರುವರ್ಷ, ಎಂದರೆ 1950ರಲ್ಲಿ, ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯು ಅರ್ಧ ಶತಮಾನದ ಅತಿ ಶ್ರೇಷ್ಠ ಕ್ರೀಡಾಪಟು ಯಾರೆಂದು ಪತ್ರಕರ್ತರ ಮತ ಕೇಳಿತು. ಆಯ್ಕೆಯಾದವನು ಇವನೇ. ಅದೇ ವರ್ಷ ಜಾನ್ ಫೋರ್ಡ್ ನಿರ್ದೇಶಿಸಿದ ‘ವ್ಯಾಗನ್ ಮಾಸ್ಟರ್’ ಚಿತ್ರದಲ್ಲಿ ಆತ ನವಾಹೊ ಬುಡಕಟ್ಟಿನವನೊಬ್ಬನ ಚಿಕ್ಕ ಪಾತ್ರದಲ್ಲಿ ಬಂದು ಹೋದ. 1931ರಿಂದ ಅಲ್ಲಿಯವರೆಗೆ ಸುಮಾರು ಎಪ್ಪತ್ತು ಚಿತ್ರಗಳಲ್ಲಿ ಆತ ಮಾಡಿದ್ದು ಬಹುಮಟ್ಟಿಗೆ ಇಂಥ ಕೆಲಸವನ್ನೇ.

ಆಟದ ಕಣದಿಂದ ಹೊರಬಂದು ಬಣ್ಣ ಹಚ್ಚಿದವರು ಹಲವರು. ನಮ್ಮ ದೇಶದ ಕುಸ್ತಿಪಟು ದಾರಾ ಸಿಂಗರನ್ನು ನೆನೆಯಬಹುದು. 1962ರ ‘ಕಿಂಗ್ ಕಾಂಗ್’ ಎಂಬ ಹಿಂದಿ ಚಿತ್ರದಲ್ಲಿ ನಾಯಕರಾದ ಅವರು ಕಡೆಗೆ ದೂರದರ್ಶನದ ‘ರಾಮಾಯಣ’ದಲ್ಲಿ ಹನುಮಂತನಾಗಿ ಮನೆಮನೆಗೆ ಬಂದರು. ಅಲ್ಲಿ ಮೈಕಟ್ಟಿನ ಜೊತೆಯಲ್ಲೇ ಹೆಸರೂ ತೆರೆಗೆ ದಾಟಿತು. ಥಾರ್ಪನ ಸಂಗತಿ ಹಾಗಲ್ಲ. ಅವನ ಹೆಸರಿಗೂ ಅವನು ಪಡೆದ ಕೂಲಿಗೂ ಜೀವನದುದ್ದಕ್ಕೂ ಒಂದು ವ್ಯಾಜ್ಯ ನಡೆಯುತ್ತಲೇ ಇತ್ತು. ಆ ವ್ಯಾಜ್ಯದ ಚರಿತ್ರೆಯೇ ಈ ಭಾಷಣದ ವಿಷಯ.

ಇಂದಿನ ಒಕ್ಲಹೋಮ ರಾಜ್ಯದ ಪ್ರೇಗ್ ಎಂಬ ಊರಿನ ಸಮೀಪ 1887ರಲ್ಲಿ ಆತ ಹುಟ್ಟಿದ. ಸ್ಯಾಕ್ ಅಂಡ್ ಫಾಕ್ಸ್ ಎಂಬ ಬುಡಕಟ್ಟಿಗೆ ಸೇರಿದವನು. ನಮ್ಮ ಹಳೆಯ ಪಠ್ಯಪುಸ್ತಕಗಳು ಇವರನ್ನು ‘ರೆಡ್ ಇಂಡಿಯನ್ನರು’ ಎಂದು ಕರೆದವು. ಕೊಲಂಬಸ್ ದಿಕ್ಕು ತಪ್ಪಿದ್ದಕ್ಕೆ ನಮ್ಮ ಹೆಸರನ್ನು ಹೊತ್ತುಕೊಳ್ಳಬೇಕಾಗಿ ಬಂದ ಜನ. ಮನೆಯವರು ಇಟ್ಟ ಹೆಸರು ವಾ-ಥೊ-ಹಕ್. ಬೆಳಕು ಬಿದ್ದ ದಾರಿ ಎಂದು ಅದರ ಅರ್ಥವನ್ನು ಹೇಳುತ್ತಾರೆ. ಅವನನ್ನು 1904ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ಶಾಲೆಗೆ ಕಳುಹಿಸಿದರು. ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಬಿಡಿಸಿ ತಂದು ಬಿಳಿಯರ ರೀತಿನೀತಿಗಳಿಗೆ ಒಗ್ಗಿಸುವುದಕ್ಕಾಗಿಯೇ 1879ರಲ್ಲಿ ಸ್ಥಾಪಿತವಾದ ಶಾಲೆ ಅದು. ಅಲ್ಲಿ ಕೂದಲು ಕತ್ತರಿಸುತ್ತಿದ್ದರು, ತಾಯ್ನುಡಿಯನ್ನು ಆಡಗೊಡುತ್ತಿರಲಿಲ್ಲ, ಮೈಮೇಲಿನ ಬಟ್ಟೆ ತೆಗೆಸಿ ಸಮವಸ್ತ್ರ ತೊಡಿಸುತ್ತಿದ್ದರು. ಬಂದ ದಿನದ ಛಾಯಾಚಿತ್ರವನ್ನೂ ‘ತಿದ್ದಿದ’ ಮೇಲಿನ ಛಾಯಾಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ದಾನಿಗಳಿಗೆ ತೋರಿಸುತ್ತಿದ್ದರು. ಒಂದು ಉಡುಪನ್ನು ಕಳಚಿಸಲು ಸರ್ಕಾರ ಹಣ ಚೆಲ್ಲಿತು ಎಂಬುದನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದೇ ಉಡುಪನ್ನು ಮತ್ತೆ ತೊಡಿಸಲು ಬೇರೆಯವರು ಹಣ ಚೆಲ್ಲಿದರು.

ಕಾರ್ಲೈಲಿನಲ್ಲಿ ಥಾರ್ಪನ ಮೈಬಲ ಬೆಳಕಿಗೆ ಬಂದ ಬಗೆ, ಫುಟ್‌ಬಾಲಿನಲ್ಲಿ ಆ ಚಿಕ್ಕ ಶಾಲೆಯ ತಂಡ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೋಲಿಸಿದ್ದು, ಇವೆಲ್ಲ ಬಹಳ ಸಲ ಹೇಳಿ ಸವೆದ ಕಥೆಗಳು. ಸ್ಟಾಕ್‌ಹೋಮಿನದೂ ಅಷ್ಟೇ. ಪೆಂಟಾತ್ಲಾನಿನ ಐದು ಸ್ಪರ್ಧೆಗಳಲ್ಲಿ ನಾಲ್ಕನ್ನು ಗೆದ್ದ. ಡೆಕಾತ್ಲಾನಿನಲ್ಲಿ 8,412 ಅಂಕ ಗಳಿಸಿದ. ಒಂದು ಕಾಲಿಗೆ ಒಂದು ಬೂಟು, ಇನ್ನೊಂದಕ್ಕೆ ಬೇರೊಂದು ಬಗೆಯ ಬೂಟು ತೊಟ್ಟು ನಿಂತಿರುವ ಅವನ ಅಂದಿನ ಛಾಯಾಚಿತ್ರ ಉಳಿದಿದೆ. ಸ್ವೀಡನ್ನಿನ ದೊರೆ ಐದನೆಯ ಗುಸ್ತಾಫ್ ಅವನನ್ನು ಜಗತ್ತಿನ ಅತಿ ಶ್ರೇಷ್ಠ ಕ್ರೀಡಾಪಟುವೆಂದು ಹೊಗಳಿದನಂತೆ. ಥಾರ್ಪ್ ಒಂದೇ ಮಾತಿನಲ್ಲಿ ವಂದನೆ ಹೇಳಿ ಸುಮ್ಮನಾದನಂತೆ.

ಆರು ತಿಂಗಳಾಗುವಷ್ಟರಲ್ಲಿ ಪದಕಗಳು ಹೋದವು. 1909 ಮತ್ತು 1910ರ ಬೇಸಿಗೆಯಲ್ಲಿ ಆತ ಉತ್ತರ ಕೆರೊಲಿನಾದ ರಾಕಿ ಮೌಂಟ್ ಮೊದಲಾದ ಊರುಗಳಲ್ಲಿ ಪುಡಿಕಾಸಿಗೆ ಬೇಸ್‌ಬಾಲ್ ಆಡಿದ್ದನೆಂದು 1913ರ ಜನವರಿಯಲ್ಲಿ ಪತ್ರಿಕೆಯೊಂದು ಪ್ರಕಟಿಸಿತು. ಒಲಿಂಪಿಕ್ಸ್ ಹವ್ಯಾಸಿಗಳಿಗೆ ಮೀಸಲು. ಯಾವ ಆಟಕ್ಕಾದರೂ ಸರಿ, ಹಣ ಮುಟ್ಟಿದವನು ಮೈಲಿಗೆಯಾದಂತೆ. ಆ ಕಾಲದಲ್ಲಿ ಕಾಲೇಜು ಹುಡುಗರು ಬೇಸಿಗೆಯಲ್ಲಿ ಹೀಗೆ ಆಡಿ ನಾಲ್ಕು ಕಾಸು ಸಂಪಾದಿಸುವುದು ಎಲ್ಲರಿಗೂ ಗೊತ್ತಿದ್ದ ವಿಷಯವೇ. ಆದರೆ ಬುದ್ಧಿವಂತರು ಸುಳ್ಳು ಹೆಸರಿನಲ್ಲಿ ಆಡುತ್ತಿದ್ದರು. ಥಾರ್ಪ್ ಆಡಿದ್ದು ಸ್ವಂತ ಹೆಸರಿನಲ್ಲಿ.

ಹವ್ಯಾಸಿ, ವೃತ್ತಿಪರ ಎಂಬ ಈ ಜಾತಿಭೇದ ಕನ್ನಡಿಗರಾದ ನಮಗೆ ನಾಟಕದ ಮೂಲಕ ಪರಿಚಿತವಾದದ್ದು. ಆದರೆ ನಮ್ಮಲ್ಲಿ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಸಂಬಳಕ್ಕೆ ಪಾತ್ರ ಮಾಡಿದವನ ಕಲೆ ಸಂಬಳದ ಕಾರಣದಿಂದಲೇ ಹೊಲಸಾಯಿತೆಂದು ಯಾರೂ ವಾದಿಸಲಿಲ್ಲ. ಆಟದ ವಿಷಯದಲ್ಲಿ ಆ ವಾದ ಹುಟ್ಟಿದ್ದು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ, ಉಂಡು ಮಿಕ್ಕವರ ನಡುವೆ. ಅಲ್ಲಿನ ದೋಣಿಸ್ಪರ್ಧೆಗಳ ನಿಯಮಗಳಲ್ಲಿ, ಮೈಮುರಿದು ದುಡಿದು ಹೊಟ್ಟೆ ಹೊರೆಯುವವನು ಹವ್ಯಾಸಿಯಲ್ಲವೆಂದು ಬರೆದೇ ಬಿಟ್ಟಿದ್ದರು. ಕೂಲಿಕಾರ ದೊರೆಮಗನ ಪಕ್ಕದಲ್ಲಿ ಹುಟ್ಟುಹಾಕಬಾರದು ಎಂಬ ಕಟ್ಟಳೆ ಕ್ರಮೇಣ ಶುದ್ಧ ಕ್ರೀಡಾಮನೋಭಾವ ಎಂಬ ಸುಂದರ ಹೆಸರನ್ನು ಹೊತ್ತುಕೊಂಡಿತು.

ಪದಕಗಳ ಲೆಕ್ಕವನ್ನು ಇಲ್ಲೇ ಚುಕ್ತಾ ಮಾಡಿಬಿಡುತ್ತೇನೆ. ಸ್ಟಾಕ್‌ಹೋಮ್ ಕ್ರೀಡೆಗಳ ನಿಯಮಾವಳಿಯ ಪ್ರಕಾರ ಆಕ್ಷೇಪಣೆಯನ್ನು ಮೂವತ್ತು ದಿನಗಳೊಳಗೆ ಸಲ್ಲಿಸಬೇಕಾಗಿತ್ತು. ಆ ಅವಧಿ ಎಂದೋ ಕಳೆದಿತ್ತು. 1952ರಿಂದ ಇಪ್ಪತ್ತು ವರ್ಷ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷನಾಗಿದ್ದ ಏವರಿ ಬ್ರಂಡೇಜ್, 1912ರಲ್ಲಿ ಅವೇ ಸ್ಪರ್ಧೆಗಳಲ್ಲಿ ಥಾರ್ಪನೆದುರು ಸೋತಿದ್ದವನು. ಅವನಿರುವವರೆಗೆ ಪುನರ್ವಿಚಾರಣೆಯ ಮಾತೇ ಏಳಲಿಲ್ಲ. 1982ರಲ್ಲಿ ಸಮಿತಿ ಮೆತ್ತಗಾಗಿ, 1983ರ ಜನವರಿಯಲ್ಲಿ ಪದಕಗಳ ಪ್ರತಿಗಳನ್ನು ಅವನ ಮಕ್ಕಳಿಗೆ ಕೊಟ್ಟಿತು. ಆದರೂ ಅವನನ್ನು ಜಂಟಿ ವಿಜೇತನೆಂದಷ್ಟೇ ಬರೆದುಕೊಂಡಿತು. ಏಕೈಕ ವಿಜೇತನೆಂದು ಒಪ್ಪಿಕೊಂಡದ್ದು 2022ರ ಜುಲೈಯಲ್ಲಿ, ಗೆದ್ದು 110 ವರ್ಷಗಳಾದ ಮೇಲೆ.

ಹವ್ಯಾಸಿಯ ಪಟ್ಟ ಹೋದ ಮೇಲೆ ಥಾರ್ಪ್ ಬಹಿರಂಗವಾಗಿ ಸಂಬಳದ ಆಟಗಾರನಾದ. 1913ರಲ್ಲಿ ನ್ಯೂಯಾರ್ಕ್ ಜಯಂಟ್ಸ್ ಬೇಸ್‌ಬಾಲ್ ತಂಡ ಅವನನ್ನು ಸೇರಿಸಿಕೊಂಡಿತು. ಆ ತಂಡ ಮುಂದಿನ ಚಳಿಗಾಲದಲ್ಲಿ ಭೂಮಂಡಲವನ್ನೇ ಸುತ್ತುತ್ತ ಜಪಾನು, ಆಸ್ಟ್ರೇಲಿಯಾಗಳನ್ನು ದಾಟಿ ಸಿಂಹಳದ ಕೊಲಂಬೊದಲ್ಲೂ ಒಂದು ಆಟ ಆಡಿತು. ನಮ್ಮ ನೆಲಕ್ಕೆ ಥಾರ್ಪ್ ಬಂದ ಅತಿ ಸಮೀಪದ ಜಾಗ ಪ್ರಾಯಶಃ ಅದೇ. 1915ರಿಂದ ಕ್ಯಾಂಟನ್ ಬುಲ್‌ಡಾಗ್ಸ್ ಫುಟ್‌ಬಾಲ್ ತಂಡ ಅವನಿಗೆ ಆಟವೊಂದಕ್ಕೆ 250 ಡಾಲರ್ ಕೊಟ್ಟಿತು. 1920ರಲ್ಲಿ ವೃತ್ತಿಪರ ಫುಟ್‌ಬಾಲ್ ತಂಡಗಳು ಒಂದು ಒಕ್ಕೂಟ ಕಟ್ಟಿಕೊಂಡಾಗ ಅಧ್ಯಕ್ಷನಾಗಿ ಅವನ ಹೆಸರನ್ನೇ ಮುಂದಿಟ್ಟವು. ಇಂದು ಕೋಟ್ಯಂತರ ಡಾಲರುಗಳ ವ್ಯವಹಾರವಾಗಿರುವ ನ್ಯಾಷನಲ್ ಫುಟ್‌ಬಾಲ್ ಲೀಗ್ ಆ ಒಕ್ಕೂಟದ ಬೆಳವಣಿಗೆ.

ಅವನ ಎರಡನೆಯ ವೃತ್ತಿ ಹಾಲಿವುಡ್ಡಿನಲ್ಲಿ ಆರಂಭವಾಯಿತೆಂದು ಸಾಮಾನ್ಯವಾಗಿ ಬರೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಆರಂಭವಾದದ್ದು 1922ರಲ್ಲಿ, ಒಹಾಯೊ ರಾಜ್ಯದ ಲಾರೂ ಎಂಬ, ಸಾವಿರ ಜನರೂ ಇರದ ಹಳ್ಳಿಯಲ್ಲಿ. ಅಲ್ಲಿ ವಾಲ್ಟರ್ ಲಿಂಗೋ ಎಂಬುವನು ಏರ್‌ಡೇಲ್ ಜಾತಿಯ ನಾಯಿಗಳನ್ನು ಸಾಕಿ ಮಾರುತ್ತಿದ್ದ. ನಾಯಿಗಳ ಪ್ರಚಾರಕ್ಕೆಂದೇ ಅವನು ಒಂದು ಫುಟ್‌ಬಾಲ್ ತಂಡ ಕಟ್ಟಿದ. ಹೆಸರು ಊರಂಗ್ ಇಂಡಿಯನ್ಸ್. ಆಟಗಾರರೆಲ್ಲ ಮೂಲನಿವಾಸಿಗಳು, ತರಬೇತುದಾರ ಥಾರ್ಪ್. ಒಕ್ಕೂಟ ಸೇರಲು ಕಟ್ಟಬೇಕಾಗಿದ್ದ ಶುಲ್ಕ 100 ಡಾಲರ್. ಲಿಂಗೋನ ಒಂದು ನಾಯಿಯ ಬೆಲೆ 150 ಡಾಲರ್ ಎಂದು ಹಾಸ್ಯ ಮಾಡುವುದುಂಟು. ಎರಡು ಋತುಗಳಲ್ಲಿ ತಂಡ ಗೆದ್ದದ್ದು ನಾಲ್ಕು ಆಟ, ಸೋತದ್ದು ಹದಿನಾರು.

ಸೋಲು ಗೆಲುವಿನ ಚಿಂತೆ ಲಿಂಗೋನಿಗೆ ಇದ್ದಂತಿಲ್ಲ. ಆಟದ ನಡುವಿನ ವಿರಾಮದಲ್ಲಿ ಉಳಿದ ತಂಡಗಳವರು ಒಳಗೆ ಹೋಗಿ ದಣಿವಾರಿಸಿಕೊಳ್ಳುತ್ತಿದ್ದರೆ, ಈ ಆಟಗಾರರು ಗರಿ, ತೊಗಲು ಉಡುಪು ತೊಟ್ಟು ಮತ್ತೆ ಅಂಗಳಕ್ಕೆ ಇಳಿಯಬೇಕು. ಕುಣಿತ, ಕೊಡಲಿ ಎಸೆತ, ಚೂರಿ ಎಸೆತ, ನಾಯಿಗಳ ಚಮತ್ಕಾರ. ಒಬ್ಬ ಆಟಗಾರನಂತೂ ಕರಡಿಯೊಡನೆ ಕುಸ್ತಿಯಾಡುತ್ತಿದ್ದ. ಬೆವರು ಆರುವ ಮುನ್ನ ಮತ್ತೆ ಫುಟ್‌ಬಾಲು. ನಮ್ಮ ಕಡೆಯ ಹಗಲುವೇಷದವರು ಬೀದಿಯಲ್ಲಿ ರಾಮನೋ ರಾವಣನೋ ಆಗಿ ನಿಲ್ಲುತ್ತಾರೆ. ಇವರು ನಿಲ್ಲಬೇಕಾಗಿದ್ದದ್ದು ತಮ್ಮ ವೇಷದಲ್ಲೇ, ಅದೂ ಟಿಕೆಟ್ ಕೊಂಡವರ ಕಲ್ಪನೆಗೆ ತಕ್ಕಂತೆ ತಿದ್ದಿದ ವೇಷದಲ್ಲಿ. ಕಾರ್ಲೈಲ್ ಶಾಲೆ ಕಳಚಿಸಿದ್ದನ್ನು ನಾಯಿ ವ್ಯಾಪಾರಿ ತೊಡಿಸಿದ. ಹಾಲಿವುಡ್ ಇದನ್ನೇ ಮುಂದುವರಿಸಿತೇ ಹೊರತು ಹೊಸದೇನನ್ನೂ ಕಂಡುಹಿಡಿಯಲಿಲ್ಲ.

1928ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ, ಥಾರ್ಪ್ ಕೊನೆಯ ಆಟ ಆಡಿದ. ಮರುವರ್ಷ ಆರ್ಥಿಕ ಕುಸಿತ. 1931ರಲ್ಲಿ ಲಾಸ್ ಏಂಜಲೀಸಿನ ಆಸ್ಪತ್ರೆಯ ಕಟ್ಟಡಕ್ಕಾಗಿ ಹಾರೆ ಸಲಿಕೆ ಹಿಡಿದು ಮಣ್ಣು ಅಗೆಯುತ್ತಿದ್ದ ಅವನನ್ನು ಪತ್ರಿಕೆಗಳು ಪತ್ತೆ ಮಾಡಿದವು. ಅದೇ ಸುಮಾರಿಗೆ ಆತ ತನ್ನ ಜೀವನಕಥೆಯನ್ನು ಚಿತ್ರವಾಗಿಸುವ ಹಕ್ಕನ್ನು ಮೆಟ್ರೊ ಗೋಲ್ಡ್‌ವಿನ್ ಮೇಯರ್ ಕಂಪನಿಗೆ 1,500 ಡಾಲರಿಗೆ ಮಾರಿದ. ಕಂಪನಿ ಚಿತ್ರ ತೆಗೆಯಲಿಲ್ಲ. 1932ರಲ್ಲಿ ಒಲಿಂಪಿಕ್ಸ್ ಲಾಸ್ ಏಂಜಲೀಸಿಗೇ ಬಂದಾಗ ಟಿಕೆಟ್ ಕೊಳ್ಳಲು ಅವನ ಬಳಿ ಹಣವಿಲ್ಲವೆಂದು ಸುದ್ದಿಯಾಯಿತು. ಕ್ರೀಡೆಗಳನ್ನು ಉದ್ಘಾಟಿಸಲು ಬಂದಿದ್ದ ಉಪಾಧ್ಯಕ್ಷ ಚಾರ್ಲ್ಸ್ ಕರ್ಟಿಸ್ ತಾನೂ ಕಾ ಬುಡಕಟ್ಟಿನ ರಕ್ತಸಂಬಂಧವುಳ್ಳವನು. ಅವನ ಆಹ್ವಾನದಿಂದ ಥಾರ್ಪ್ ಗಣ್ಯರ ನಡುವೆ ಕುಳಿತ. ಒಂದು ಲಕ್ಷಕ್ಕೂ ಮೀರಿದ ಜನ ಎದ್ದು ನಿಂತು ಅವನಿಗೆ ಚಪ್ಪಾಳೆ ಹೊಡೆದರು.

ಮರುದಿನದ ಹೊಟ್ಟೆಪಾಡು ಮಾತ್ರ ಸ್ಟುಡಿಯೋಗಳ ಬಾಗಿಲಲ್ಲೇ. 1931ರ ಬಫಲೊ ಬಿಲ್ ಧಾರಾವಾಹಿ ಚಿತ್ರದಲ್ಲಿ ಆತನೊಬ್ಬ ಮೂಲನಿವಾಸಿ. 1936ರ ಇನ್ನೊಂದು ಕೌಬಾಯ್ ಚಿತ್ರದಲ್ಲಿ ಬುಡಕಟ್ಟಿನ ನಾಯಕ. 1933ರಲ್ಲಿ ಬಂದ ಹಾಲಿವುಡ್ಡಿನ ‘ಕಿಂಗ್ ಕಾಂಗ್’ ಚಿತ್ರದಲ್ಲಿ, ದೈತ್ಯ ಕಪಿಯನ್ನು ಪೂಜಿಸುವ ದಕ್ಷಿಣ ಸಾಗರದ ದ್ವೀಪವಾಸಿಗಳ ಗುಂಪಿನಲ್ಲಿ ಕುಣಿಯುವವರಲ್ಲೊಬ್ಬ! ಒಕ್ಲಹೋಮಕ್ಕೂ ಆ ದ್ವೀಪಕ್ಕೂ ಇರುವ ಅಂತರವನ್ನು ನಿರ್ಮಾಪಕರು ಗಣಿಸಿದಂತೆ ಕಾಣುವುದಿಲ್ಲ. ಬಿಳಿಯನಲ್ಲದ ಮೈ ಬೇಕಾಗಿತ್ತು, ಸಿಕ್ಕಿತು.

ಇದೇ ಊರಿನಲ್ಲಿ, ಇದೇ ವರ್ಷಗಳಲ್ಲಿ, ಇನ್ನಿಬ್ಬರು ಒಲಿಂಪಿಕ್ ವೀರರು ಬಣ್ಣ ಹಚ್ಚಿದ್ದರು. ಅವರನ್ನು ಥಾರ್ಪನ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಮೊದಲನೆಯವನು ಹವಾಯಿಯ ಈಜುಗಾರ ಡ್ಯೂಕ್ ಕಹನಮೋಕು. 1912ರಲ್ಲಿ ಥಾರ್ಪ್ ಗೆದ್ದ ಸ್ಟಾಕ್‌ಹೋಮಿನಲ್ಲೇ 100 ಮೀಟರ್ ಈಜನ್ನು ಗೆದ್ದವನು; 1920ರಲ್ಲಿ ಮತ್ತೆ ಗೆದ್ದವನು. 1924ರಲ್ಲಿ ಪ್ಯಾರಿಸಿನಲ್ಲಿ ಅವನನ್ನು ಹಿಂದೆ ಹಾಕಿದ ತರುಣ ಜಾನಿ ವೈಸ್‌ಮುಲ್ಲರ್. 1920ರ ದಶಕದಲ್ಲಿ ಕಹನಮೋಕುವಿಗೆ ಹಾಲಿವುಡ್ ಕೊಟ್ಟದ್ದು ಕಡಲ್ಗಳ್ಳ, ದ್ವೀಪದ ನಾಯಕ ಮುಂತಾದ ಚಿಲ್ಲರೆ ವೇಷಗಳು. ಅವನು ಹೊನೊಲುಲುವಿಗೆ ಹಿಂದಿರುಗಿ 1934ರಿಂದ ಕಾಲು ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿಯ ಷೆರಿಫ್ ಆಗಿ ಮರ್ಯಾದೆಯಿಂದ ಬಾಳಿದ. ಅವನನ್ನು ಸೋಲಿಸಿದ ವೈಸ್‌ಮುಲ್ಲರನಾದರೋ 1932ರಲ್ಲಿ ಟಾರ್ಜಾನ್ ಆದ.

ಟಾರ್ಜಾನನ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ನಮ್ಮ ಟೆಂಟ್ ಸಿನಿಮಾಗಳ ನೆಲದ ಪ್ರೇಕ್ಷಕರು ಕೂಡ ಆ ಕೂಗನ್ನು ಅನುಕರಿಸುತ್ತ ಮನೆಗೆ ಮರಳುತ್ತಿದ್ದರು. 1948ರವರೆಗೆ ಹನ್ನೆರಡು ಚಿತ್ರಗಳು. ಎಲ್ಲವುಗಳಲ್ಲೂ ಅವನ ಹೆಸರು ಮೊದಲು. ಕಾಡಿನಲ್ಲಿ ಬೆಳೆದ ಬಿಳಿಯನ ಪಾತ್ರ ಅದು, ಬಿಳಿಯನೇ ಮಾಡಿದ, ಅದರಲ್ಲಿ ತಪ್ಪಿಲ್ಲ. ವೈಸ್‌ಮುಲ್ಲರ್ ಒಳ್ಳೆಯ ಈಜುಗಾರ, ಮೇಲಾಗಿ ಸರಳ ಮನುಷ್ಯ. ಆದರೆ ಒಂದು ಸಂಗತಿಯನ್ನು ಹೇಳದೆ ಇರಲಾರೆ. ಅವನು ಹುಟ್ಟಿದ್ದು ಅಮೆರಿಕದಲ್ಲಲ್ಲ. ಅಂದಿನ ಆಸ್ಟ್ರಿಯಾ-ಹಂಗೆರಿಯ ಒಂದು ಹಳ್ಳಿಯಲ್ಲಿ. 1924ರ ತಂಡಕ್ಕೆ ಸೇರಲು ಅವನು ಅಮೆರಿಕದಲ್ಲಿ ಹುಟ್ಟಿದ್ದ ತಮ್ಮನ ಜನನದ ವಿವರವನ್ನು ತನ್ನದೆಂದು ತೋರಿಸಿದ. ಇದಕ್ಕಾಗಿ ಅವನ ಐದು ಚಿನ್ನದ ಪದಕಗಳಲ್ಲಿ ಒಂದನ್ನೂ ಯಾರೂ ಮುಟ್ಟಲಿಲ್ಲ. ಅಮೆರಿಕದ ಮೂಲನಿವಾಸಿಗಳೆಲ್ಲರಿಗೂ ಆ ದೇಶದ ಪೌರತ್ವ ದೊರೆತದ್ದೂ ಅದೇ 1924ರ ಕಾಯಿದೆಯಿಂದ ಎಂಬುದು ಇನ್ನೊಂದು ವಿಚಿತ್ರ.

ಥಾರ್ಪ್ ಇದನ್ನೆಲ್ಲ ಸಹಿಸಿಕೊಂಡು ಸುಮ್ಮನಿದ್ದನೆಂದು ತಿಳಿಯಬಾರದು. ಅವನ ಮೇಲೆ ಬರೆದ ಜನಪ್ರಿಯ ಲೇಖನಗಳು ಕುಡಿತ, ಬಡತನ, ಮುರಿದ ಸಂಸಾರ ಎಂದು ಅತ್ತು, ಮುಖ್ಯವಾದೊಂದನ್ನು ಮರೆತುಬಿಡುತ್ತವೆ. 1930ರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲಿ ನೂರಾರು ಮೂಲನಿವಾಸಿಗಳು ಸ್ಟುಡಿಯೋ ಕೂಲಿಯನ್ನು ನಂಬಿ ಬಂದು ಸೇರಿದ್ದರು. ಚಿತ್ರಗಳಲ್ಲಿ ಮೂಲನಿವಾಸಿಗಳ ಪಾತ್ರಗಳಿಗೇನೂ ಕೊರತೆಯಿರಲಿಲ್ಲ. ಆದರೆ ಕೂಲಿ ಸಿಕ್ಕುತ್ತಿದ್ದದ್ದು ಬೇರೆಯವರಿಗೆ. ಮೈಗೆ ಕಂದು ಬಣ್ಣ ಬಳಿದು, ತಲೆಗೆ ಜಡೆಯ ಟೋಪನ್ನು ಕಟ್ಟಿದರೆ ಯಾವನಾದರೂ ಆಗುತ್ತಿತ್ತು. ಈ ಪಾತ್ರಗಳನ್ನು ನಿಜವಾದ ಮೂಲನಿವಾಸಿಗಳಿಗೇ ಕೊಡಬೇಕೆಂದು ಥಾರ್ಪ್ ಹೋರಾಡಿದ. ತನ್ನವರನ್ನು ಒಟ್ಟುಗೂಡಿಸಿ ಸ್ಟುಡಿಯೋಗಳಿಗೆ ಒದಗಿಸುವ ವ್ಯವಸ್ಥೆಯನ್ನೂ ತಾನೇ ಮಾಡಿದ.

ಈ ಹೋರಾಟದಲ್ಲಿ ಒಂದು ಇಕ್ಕಟ್ಟು ಇರುವುದನ್ನು ಬಲ್ಲವರು ಗುರುತಿಸಿಯಾರು. ಆ ಪಾತ್ರಗಳಾದರೂ ಎಂಥವು? ಕುದುರೆಯ ಮೇಲಿಂದ ಬೀಳುವುದು, ಊಳಿಡುವುದು, ಗುಂಡೇಟು ತಿಂದು ಸಾಯುವುದು. ಎಲ್ಲ ಬುಡಕಟ್ಟುಗಳ ತಲೆಗೂ ಬಯಲುಸೀಮೆಯ ಬುಡಕಟ್ಟುಗಳ ಗರಿಯ ಕಿರೀಟವೇ. ಇಂಥ ಸುಳ್ಳನ್ನು ಅಭಿನಯಿಸುವ ಹಕ್ಕಿಗಾಗಿ ಹೋರಾಡಬೇಕೇ ಎಂದು ಇಂದು ನಾವು ಕೇಳಬಹುದು. ಹಸಿದ ಮನೆಗಳ ಹಿರಿಯನಾಗಿ ಥಾರ್ಪ್ ಆ ಪ್ರಶ್ನೆಯನ್ನು ಬೇರೆ ಕ್ರಮದಲ್ಲಿ ಇಟ್ಟುಕೊಂಡ. ನಮ್ಮ ಮುಖವನ್ನು ಮಾರಿ ಹಣ ಮಾಡುವುದು ಹೇಗೂ ನಡೆದಿದೆ, ಮೊದಲು ಅದರ ಕೂಲಿ ನಮಗೆ ಬರಲಿ ಎಂಬುದು ಅವನ ನಿಲುವು. ಒಮ್ಮೆ ಕೂಲಿಯ ಕಾರಣಕ್ಕೇ ಪದಕ ಕಳೆದುಕೊಂಡವನು ಅದೇ ಕೂಲಿಯನ್ನು ತಲೆಯೆತ್ತಿ ಕೇಳಿದ್ದು ನನಗೆ ಅವನ ಎಂಟು ಸಾವಿರ ಅಂಕಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಅವನ ಮಾತು ಬೇಗ ನಡೆಯಲಿಲ್ಲ. 1950ರ ‘ಬ್ರೋಕನ್ ಆ್ಯರೋ’ ಮೂಲನಿವಾಸಿಗಳನ್ನು ಸಹಾನುಭೂತಿಯಿಂದ ಕಂಡ ಚಿತ್ರವೆಂದು ಹೆಸರಾಯಿತು. ಅದರಲ್ಲಿ ಅಪಾಚೆ ನಾಯಕ ಕೊಚೀಸನ ಪಾತ್ರಕ್ಕಾಗಿ ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡವನು ಬ್ರೂಕ್ಲಿನ್ನಿನ ಯಹೂದಿ ನಟ ಜೆಫ್ ಚಾಂಡ್ಲರ್. ಅದೇ ಚಿತ್ರದಲ್ಲಿ ಚಿಕ್ಕ ಪಾತ್ರ ಮಾಡಿದ ಮೊಹಾಕ್ ಬುಡಕಟ್ಟಿನ ಜೇ ಸಿಲ್ವರ್‌ಹೀಲ್ಸ್, ಥಾರ್ಪನಂತೆಯೇ ಆಟದಿಂದ ಬಂದವನು, ಲಕ್ರಾಸ್ ಆಟಗಾರ. 1960ರ ದಶಕದಲ್ಲಿ ಮೂಲನಿವಾಸಿ ನಟರಿಗಾಗಿ ಒಂದು ಅಭಿನಯ ಶಾಲೆಯನ್ನು ಅವನು ನಡೆಸಿದ. ಥಾರ್ಪ್ ಹಾಕಿದ ಗೆರೆ ಅಲ್ಲಿ ಮುಂದುವರಿಯಿತು.

ಇನ್ನು ಅವನ ಜೀವನಚಿತ್ರ. 1,500 ಡಾಲರಿಗೆ ಮಾರಿಹೋಗಿದ್ದ ಕಥೆ ಕೈಬದಲಾಗಿ ವಾರ್ನರ್ ಬ್ರದರ್ಸ್ ಕಂಪನಿಗೆ ಸೇರಿ, 1951ರಲ್ಲಿ ಮೈಕೆಲ್ ಕರ್ಟಿಜ್ ನಿರ್ದೇಶನದಲ್ಲಿ ‘ಜಿಮ್ ಥಾರ್ಪ್: ಆಲ್ ಅಮೆರಿಕನ್’ ಎಂಬ ಚಿತ್ರವಾಯಿತು. ಥಾರ್ಪನಾಗಿ ಅಭಿನಯಿಸಿದವನು ಬರ್ಟ್ ಲ್ಯಾಂಕಾಸ್ಟರ್. ಸರ್ಕಸ್ಸಿನಲ್ಲಿ ಪಳಗಿದ ಮೈ, ಓಟ ನೆಗೆತಗಳನ್ನು ಚೆನ್ನಾಗಿಯೇ ಮಾಡಿದ್ದಾನೆ, ಬಣ್ಣವೇನೋ ಬಳಿದದ್ದು. ಥಾರ್ಪ್ ಸಲಹೆಗಾರನಾಗಿ ಪಕ್ಕದಲ್ಲಿ ನಿಂತ. ಮೂಲನಿವಾಸಿಯ ಪಾತ್ರ ಮೂಲನಿವಾಸಿಗೇ ಸಿಗಲೆಂದು ಇಪ್ಪತ್ತು ವರ್ಷ ಕೇಳಿದವನಿಗೆ ತನ್ನ ಪಾತ್ರವನ್ನೇ ಉಳಿಸಿಕೊಳ್ಳಲಾಗಲಿಲ್ಲ. ಬ್ರಿಟನ್ನಿನಲ್ಲಿ ಆ ಚಿತ್ರಕ್ಕೆ ಕಂಚಿನ ಮನುಷ್ಯ ಎಂಬರ್ಥದ ಹೆಸರಿಟ್ಟರು, ಚಿನ್ನ ಗೆದ್ದವನ ಕಥೆಗೆ! ಚಿತ್ರ ಬಂದ ವರ್ಷವೇ ಥಾರ್ಪನಿಗೆ ತುಟಿಯ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಯಿತು; ವೆಚ್ಚ ಭರಿಸಲು ಅವನಲ್ಲಿ ಹಣವಿರಲಿಲ್ಲ.

1953ರ ಮಾರ್ಚ್ 28ರಂದು ಕ್ಯಾಲಿಫೋರ್ನಿಯಾದ ಲೊಮಿಟಾದಲ್ಲಿ, ಗಾಲಿಮನೆಯೊಂದರಲ್ಲಿ, ಹೃದಯಾಘಾತದಿಂದ ಆತ ತೀರಿಕೊಂಡ. ದೇಹವನ್ನು ಒಕ್ಲಹೋಮಕ್ಕೆ ತಂದರು. ಬುಡಕಟ್ಟಿನವರ ಅಂತ್ಯವಿಧಿಗಳು ನಡೆಯುತ್ತಿದ್ದಂತೆಯೇ ಮೂರನೆಯ ಹೆಂಡತಿ ಬಂದು ದೇಹವನ್ನು ಎತ್ತಿಸಿಕೊಂಡು ಹೋದಳು. ಸ್ಮಾರಕ ಕಟ್ಟಿಸಲು ಒಪ್ಪುವ ಊರಿಗಾಗಿ ಅವಳು ಹುಡುಕುತ್ತಿದ್ದಳು. ಪೆನ್ಸಿಲ್ವೇನಿಯಾದಲ್ಲಿ ಕಲ್ಲಿದ್ದಲ ವ್ಯಾಪಾರ ಇಳಿದು ಸೊರಗಿದ್ದ ಮಾಕ್ ಚಂಕ್ ಮತ್ತು ಈಸ್ಟ್ ಮಾಕ್ ಚಂಕ್ ಎಂಬ ಎರಡು ಊರುಗಳು ಪ್ರವಾಸಿಗಳು ಬಂದಾರೆಂಬ ಆಸೆಯಿಂದ ಮುಂದೆ ಬಂದವು. 1954ರಲ್ಲಿ ಅವೆರಡೂ ಕೂಡಿ ಒಂದಾಗಿ ತಮ್ಮ ಹೆಸರನ್ನೇ ಜಿಮ್ ಥಾರ್ಪ್ ಎಂದು ಬದಲಾಯಿಸಿಕೊಂಡವು. ಬದುಕಿದ್ದಾಗ ಆತನಿಗೆ ಯಾವ ನಂಟೂ ಇರದಿದ್ದ ಊರು. ಸಮಾಧಿಯ ಬಳಿ ಒಕ್ಲಹೋಮದ ಮಣ್ಣನ್ನೂ ಸ್ಟಾಕ್‌ಹೋಮ್ ಕ್ರೀಡಾಂಗಣದ ಮಣ್ಣನ್ನೂ ತಂದು ಸುರಿದಿದ್ದಾರೆ.

ತಂದೆಯನ್ನು ತಮ್ಮ ನೆಲಕ್ಕೆ ಒಯ್ಯಬೇಕೆಂದು ಮಗನೊಬ್ಬ 2010ರಲ್ಲಿ ನ್ಯಾಯಾಲಯಕ್ಕೆ ಹೋದ; ಮರುವರ್ಷ ಅವನೂ ತೀರಿಕೊಂಡ, ಉಳಿದ ಮಕ್ಕಳೂ ಬುಡಕಟ್ಟಿನವರೂ ಮೊಕದ್ದಮೆಯನ್ನು ಮುಂದುವರಿಸಿದರು. ವಸ್ತುಸಂಗ್ರಹಾಲಯಗಳು ಇಟ್ಟುಕೊಂಡಿರುವ ಮೂಲನಿವಾಸಿಗಳ ಅವಶೇಷಗಳನ್ನು ಅವರ ಜನರಿಗೆ ಮರಳಿಸಬೇಕೆಂದು 1990ರ ಕಾಯಿದೆಯೊಂದಿದೆ. ಆದ್ದರಿಂದ ಜಿಮ್ ಥಾರ್ಪ್ ಎಂಬ ಊರು ವಸ್ತುಸಂಗ್ರಹಾಲಯವೆನಿಸುತ್ತದೆಯೇ ಎಂಬುದೇ ವಾದದ ತಿರುಳಾಯಿತು. 2013ರಲ್ಲಿ ಕೆಳಗಿನ ನ್ಯಾಯಾಲಯ ಹೌದೆಂದಿತು. 2014ರಲ್ಲಿ ಮೇಲ್ಮನವಿಯ ನ್ಯಾಯಾಲಯ ಅಲ್ಲವೆಂದಿತು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ದೇಹ ಅಲ್ಲಿಯೇ ಇದೆ.